ಆ ಕಡೆಯ ಗಾಲಿ

ಪಕ್ಕದ ಬೀದಿಯ ಡೀಸೆಲ್ ಬಂಕಿಗೆ ಹೋಗುವುದಾದರೂ ಸರಿ, ನನ್ನ ಅತ್ತಿಗೆ ಗಾಡಿಯ ಸುತ್ತ ಒಮ್ಮೆ ನಡೆಯದೆ ಸ್ಟೀರಿಂಗ್ ಮುಟ್ಟಿದವರಲ್ಲ. ಅಣ್ಣನ ಹಳೆಯ ಕೋಟಿನ ಉದ್ದನೆಯ ತೋಳುಗಳನ್ನು ಮಡಿಸಿಕೊಂಡು, ಎಡಗಾಲನ್ನು ತುಸು ಎಳೆದು ಹಾಕುವ ನಿಧಾನದ ನಡಿಗೆಯಲ್ಲಿ ಡ್ರೈವರ್ ಬದಿಯ ಮುಂದಿನ ಗಾಲಿಯ ಬಳಿ ಬಾಗುವರು. ಬಾನೆಟ್ ಬಳಸಿ ಹೋಗಿ ಆ ಕಡೆಯ ಗಾಲಿಯ ಬಳಿಯೂ ಬಾಗುವರು. ಕೈ ಒರೆಸಿಕೊಂಡು "ಹೂಂ, ಅಷ್ಟೇ" ಎನ್ನುವರು. "ಅಕ್ಕ, ನೀವು ಗಾಡಿ ಓಡಿಸ್ತೀರೋ, ಸಾಕ್ತೀರೋ?" ಎಂದು ಬೀದಿಯ ಮೆಕ್ಯಾನಿಕ್ ಕಾಡಿಸಿದರೂ ಉತ್ತರ ಅದೇ, "ಅಷ್ಟೇ."

ಗುಡ್ಡದ ಮೇಲಿನ ಕಲ್ಲುಕ್ವಾರಿಗೆ ಡೀಸೆಲ್ ಪೀಪಾಯಿ ಹೊರುವ ಪಿಕಪ್ ಅದು, ಕೆಸರಿನಲ್ಲಿ ನಾಲ್ಕೂ ಗಾಲಿಗಳಿಂದ ಎಳೆಯುವ ಹಳೆಯ ಕಾಲದ ಫೋರ್‌ವೀಲ್. ಒಳಗಿನ ಲಿವರ್ ಎಳೆದರೆ ಸಾಲದು. ಕೆಳಗಿಳಿದು ಮುಂದಿನ ಎರಡು ಗಾಲಿಗಳ ನಟ್ಟನಡುವೆ ಇರುವ ಒಂದೊಂದು ಲಾಕನ್ನೂ ಕೈಯಿಂದ ತಿರುಗಿಸಬೇಕು. ಒಂದನ್ನು ಬಿಟ್ಟರೂ ಎಂಜಿನ್ನಿನ ಶಕ್ತಿ ಮುಂದಿನ ಗಾಲಿಗಳಿಗೆ ದಕ್ಕುವುದಿಲ್ಲ. ಅತ್ತಿಗೆ ಆ ಲಾಕುಗಳನ್ನು ಬಿಚ್ಚಿ ತೊಳೆದು ಗ್ರೀಸ್ ತುಂಬುವರು. ಗೇರ್ ಎಣ್ಣೆಯನ್ನು ಬೆರಳಿಗೆ ಸವರಿ, ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆಯೆಂದು ಪೂರ್ತಿ ಬದಲಿಸುವರು. ಬಳಸದಿದ್ದರೆ ತುಕ್ಕು ಹಿಡಿದು ಕಚ್ಚಿಕೊಂಡೀತೆಂದು, ಕೆಲಸವಿಲ್ಲದ ವಾರವೂ ಮೆದುಮಣ್ಣಿನಲ್ಲಿ ಫೋರ್‌ವೀಲ್ ಹಾಕಿ ಒಂದಿಷ್ಟು ದೂರ ಓಡಿಸಿ ತರುವರು.

ಅಣ್ಣ ಸತ್ತದ್ದು ಇದೇ ಗಾಡಿಯಲ್ಲಿ. ಮಳೆಯಲ್ಲಿ ಏರು ಹತ್ತುವಾಗ ಗಾಡಿ ಹಿಂದಕ್ಕೆ ಜಾರಿ ಕಂದಕಕ್ಕೆ ಬಿತ್ತು. ಅದನ್ನು ಮೇಲೆತ್ತಿದ ದಿನ ಅತ್ತಿಗೆಯೂ ನಾನೂ ಹೋಗಿದ್ದೆವು. ಲಿವರ್ ಫೋರ್‌ವೀಲಿನಲ್ಲೇ ಇತ್ತು, ಡ್ರೈವರ್ ಕಡೆಯ ಲಾಕು ಬಿಗಿದಿತ್ತು. ಆ ಕಡೆಯದು ಬಿಗಿದಿರಲಿಲ್ಲ. ಕೆಸರು ತುಳಿದು ಅತ್ತ ಸುತ್ತಿಹೋಗಲು ಅಣ್ಣನಿಗೆ ಬೇಸರವಾಗಿತ್ತು. ಅತ್ತಿಗೆ ಬಹಳ ಹೊತ್ತು ನೋಡಿದರು, ಆಮೇಲೆ ತಾವೇ ಅದನ್ನು ತಿರುಗಿಸಿ ಬಿಗಿದರು.

"ಅತ್ತೆಗೆ ಇದು ಗೊತ್ತಾಗಬಾರದು. ಅಷ್ಟೇ."

ಗೊತ್ತಾದರೆ ಅಮ್ಮ ಉಳಿಯುತ್ತಿರಲಿಲ್ಲ. ಅರ್ಧಂಬರ್ಧ ಕೆಲಸದವನೆಂದು ಅವಳು ಮಗನನ್ನು ಜೀವಮಾನವಿಡೀ ಬೈದಿದ್ದಳು, ಆ ಬೆಳಿಗ್ಗೆಯೂ ಬೈದೇ ಕಳಿಸಿದ್ದಳು. ಗಾಡಿಯೇ ಕೈಕೊಟ್ಟಿತೆಂದು ಅತ್ತಿಗೆ ಹೇಳಿದರು. ಹಾಗೆ ಹೇಳಿ, ಹೊಟ್ಟೆಪಾಡಿಗೆ ಅದನ್ನೇ ರಿಪೇರಿ ಮಾಡಿಸಿ ಓಡಿಸತೊಡಗಿದಾಗ ಅಮ್ಮ ಕೆಂಡವಾದಳು. "ನನ್ನ ಮಗನ್ನ ತಿಂದ ಗಾಡಿ ಇಟ್ಕೊಂಡು ಮೆರೀತಾಳೆ" ಎಂದು ಬಂದವರೆದುರೆಲ್ಲ ಹಂಗಿಸಿದಳು, ಸೊಸೆ ಬಡಿಸಿದ್ದನ್ನು ಮುಟ್ಟದಾದಳು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು; ಅತ್ತಿಗೆ ವರ್ಷಗಟ್ಟಲೆ ಆ ಮಾತನ್ನು ನುಂಗಿಕೊಂಡೇ ಇದ್ದರು.

ಗುಡ್ಡದಾಚೆಯ ಚಿಕ್ಕಮ್ಮ ಹಾಸಿಗೆ ಹಿಡಿದಾಗ, ಅವಳನ್ನು ನೋಡಲು ಈ ಗಾಡಿ ಹತ್ತದೆ ಅಮ್ಮನಿಗೆ ಬೇರೆ ದಾರಿಯಿರಲಿಲ್ಲ. ಮಳೆಗಾಲದ ಆ ಕೆಸರಿನಲ್ಲಿ ಇನ್ನಾವ ವಾಹನವೂ ಹತ್ತುವಂತಿರಲಿಲ್ಲ. ಅತ್ತಿಗೆಗೂ ನನಗೂ ನಡುವೆ ಮುಖ ಗಂಟಿಕ್ಕಿ ಕುಳಿತಳು. ಏರಿನ ಬುಡದಲ್ಲಿ ಅತ್ತಿಗೆ ಇಳಿದು, ಈ ಕಡೆಯದನ್ನು ತಿರುಗಿಸಿ, ಪಾದ ಹೂತುಹೋಗುವ ಕೆಸರಿನಲ್ಲಿ ಆ ಕಡೆಗೆ ಹೋದದ್ದನ್ನು ಅಮ್ಮ ಗಾಜಿನ ಮೂಲಕ ನೋಡಿದಳು.

"ಎರಡೂ ಕಡೆ ತಿರುಗಿಸ್ಲೇಬೇಕಾ?" ಎಂದಳು ಸೊಸೆ ಹತ್ತಿ ಕುಳಿತ ಮೇಲೆ.

"ಹೌದು ಅತ್ತೆ."

"ಆವತ್ತು ಅವನು ತಿರುಗಿಸಿದ್ನಾ?"

"ಎರಡೂ ತಿರುಗಿಸಿದ್ರು ಅತ್ತೆ. ಗಾಡಿ ಕೈಕೊಡ್ತು, ಅಷ್ಟೇ."

ಅಮ್ಮ ಸೊಸೆಯ ಕೆಸರಾದ ಕೈಗಳನ್ನು ನೋಡಿದಳು. "ಕೆಸರು ತುಳಿದು ಆ ಕಡೆಗೆ ಹೋಗೋ ಮಗನನ್ನ ನಾನು ಹೆತ್ತಿಲ್ಲ ಕಣೇ" ಎಂದಳು. ಸೆರಗಿನ ತುದಿ ಹಿಡಿದು ಸೊಸೆಯ ಬೆರಳುಗಳಿಗೆ ಮೆತ್ತಿದ್ದ ಕೆಸರನ್ನು ಒಂದೊಂದಾಗಿ ಒರೆಸಿದಳು. ಅತ್ತಿಗೆ ಆವತ್ತು ಅತ್ತರು, ನಾನೂ ಅತ್ತುಬಿಟ್ಟೆ.

ಸತ್ತವರ ಮಾನವನ್ನು ಕಾಯುವವರಿಗೆ ಬದುಕಿರುವವರ ಬೈಗುಳವೇ ಸಂಬಳ. ಇಂಥವರು ದೂರದಲ್ಲೆಲ್ಲೋ ಇರುವುದಿಲ್ಲ. ನಮ್ಮ ಮನೆಯಲ್ಲೇ, ನಮ್ಮ ಊಟದ ಪಂಕ್ತಿಯ ಕೊನೆಯಲ್ಲೇ ಕುಳಿತಿರುತ್ತಾರೆ. ಮಾತು ಕಡಿಮೆಯೆಂದು ನಾವು ಅವರನ್ನು ಬಿಗುಮಾನದವರೆನ್ನುತ್ತೇವೆ, ಅವರು ಅದನ್ನೂ ತಿದ್ದುವುದಿಲ್ಲ.