ಎಂಬತ್ತನಾಲ್ಕನೇ ನಂಬರಿನ ರಿಸೀವರ್

೧೯೯೧ ಸೆಪ್ಟೆಂಬರ್ ೧೦, ಬೆಳಿಗ್ಗೆ ಆರೂ ಇಪ್ಪತ್ತು. ಹೀಗೆ ಶುರುಮಾಡಲೇ? ಗಂಟೆ ಹೇಳಿದರೆ ಓದುಗರು ಬೇಗ ನಂಬುತ್ತಾರೆ. (ತೈಲಬಾವಿಗಳ ಹೊಗೆಯ ಬಗ್ಗೆ ಅರ್ಧ ಪುಟ ಬರೆದು ಹೊಡೆದುಹಾಕಿದೆ. ಕಥೆ ಚೆಂಡಿನದ್ದು.)

೧. ಕೊಲ್ಲಿ ಯುದ್ಧಕ್ಕೆ ಮೊದಲು ಕೊನ್ರಾಡ್ ಮೀನಾ ಅಲ್ ಅಹ್ಮದಿಯ ತೈಲ ರಿಫೈನರಿಯಲ್ಲಿ ಲ್ಯಾಬ್ ಕೆಮಿಸ್ಟ್. ಈಗ ಅಮೆರಿಕನ್ ಗುತ್ತಿಗೆದಾರರ ಕ್ಯಾಂಪಿನಲ್ಲಿ ಸ್ಟೋರ್ ಕ್ಲರ್ಕ್. ಅಲ್ಲಿನ ಹೊಸ ಲ್ಯಾಬಿಗೆ ಒಬ್ಬ ಬೇಕು, ಆರಿಸುವವನು ಡ್ವೇನ್. ಕ್ಯಾಂಪಿನ ವಾರಪತ್ರಿಕೆಯ ಕ್ರೀಡಾಪುಟವೂ ಅವನದೇ. ತನ್ನೂರಿನ ಅಮೆರಿಕನ್ ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಎಸೆದು ಹಿಡಿಯುವ ಆಟದ, ತಂಡ ಭಾನುವಾರ ಸೋತ ಆಟದ ಕ್ಯಾಸೆಟ್ ಕೊಟ್ಟು, "ನಮ್ಮ ರಿಸೀವರ್‌ಗಳ ಮೇಲೆ ರಿಪೋರ್ಟ್ ಬರಿ. ನಿನ್ನ ಕಣ್ಣು ಎಷ್ಟು ಚುರುಕು ನೋಡೋಣ. ಮುಳುಗಿಸಿದ್ದು ಆ ಎಂಬತ್ತನಾಲ್ಕನೇ ನಂಬರಿನವನು," ಎಂದಿದ್ದ.

೨. ಕೊನ್ರಾಡನಿಗೆ ಗೊತ್ತಿದ್ದ ರಿಸೀವರ್ ಒಂದೇ: ಭಟ್ಟಿ ಇಳಿಸುವಾಗ ಕೊನೆಯಲ್ಲಿಡುವ ಗಾಜಿನ ಪಾತ್ರೆ. (ಇಲ್ಲಿ ನಗೆ ಬರಬೇಕಿತ್ತು. ಕೊನ್ರಾಡ್ ನಗಲಿಲ್ಲ.) ಆಟದಲ್ಲಿ ಚೆಂಡು ಎಸೆಯುವವನು ಕಾಯಿಸುವ ಫ್ಲಾಸ್ಕು, ಓಡಿ ಹಿಡಿಯುವವರು ರಿಸೀವರ್‌ಗಳು. ಕೈಗೆ ತಾಗದ ಚೆಂಡನ್ನು ಅವನು ಪಾತ್ರೆಯ ಲೆಕ್ಕಕ್ಕೆ ಹಾಕಲಿಲ್ಲ. ಅದು ದಾರಿಯಲ್ಲೇ ಸೋರಿದ್ದು.

ರೂಮಿನ ಜೊತೆಗಾರ, ಕ್ಯಾಂಪ್ ಮೆಸ್ಸಿನ ಯಶೋಧರ ಚಹಾ ತಂದಿಟ್ಟ. "ಎಂತದು ಕೊನ್ರಾಡರೇ, ಚೆಂಡನ್ನು ಭಟ್ಟಿ ಇಳಿಸ್ತಾ ಇದ್ದೀರಾ?"

"ಎಂಬತ್ತನಾಲ್ಕಕ್ಕೆ ಎಸೆದದ್ದು ಒಂಬತ್ತು. ಕೈಗೆ ಬಂದದ್ದು ಐದು. ಐದನ್ನೂ ಹಿಡಿದಿದ್ದಾನೆ. ಅವನ ತಪ್ಪು ಎಂತ ಉಂಟು?"

"ತಪ್ಪು ನಿಮ್ಮದು ಮಾರಾಯ್ರೆ! ಡ್ವೇನ್‌ಗೆ ಬೇಕಾದ್ದು ಬರೆದು ಲ್ಯಾಬಿಗೆ ಹೋಗಿ. ಆ ಎಂಬತ್ತನಾಲ್ಕು ನಿಮ್ಮ ಭಾವನಾ?"

"ಇವತ್ತು ಚೆಂಡಿಗೆ ಸುಳ್ಳು ಬರೆದವ ನಾಳೆ ಪೆಟ್ರೋಲಿಗೂ ಬರೀತಾನೆ."

೩. ಅಂತ್ಯ, ಒಂದನೇ ಪ್ರಯತ್ನ: ಕೊನ್ರಾಡ್ ಅಂಕಿ ತಿದ್ದಿದ, ಲ್ಯಾಬ್ ಸಿಕ್ಕಿತು. ಬರೆದು ಮುಗಿಸುವಷ್ಟರಲ್ಲಿ ಅವನೇ ನನ್ನತ್ತ ತಿರುಗಿದ. "ಖಲಾಸ್ ಮಾಡಿ ಅದನ್ನು. ನಿಮಗೆ ಕಥೆ ಮುಗೀಬೇಕು, ನನಗೆ ಅಳತೆ ಸರಿ ಇರ್ಬೇಕು."

ಎರಡನೇ ಪ್ರಯತ್ನ: ಡ್ವೇನ್ ರಿಪೋರ್ಟ್ ಓದಿ, ಕಣ್ಣೊದ್ದೆ ಮಾಡಿಕೊಂಡು ಅವನನ್ನು ತಬ್ಬಿಕೊಂಡ.

"ನೀವು ಡ್ವೇನನ್ನು ನೋಡಿದ್ದೀರಾ?" ಎಂದು ಕೊನ್ರಾಡ್ ಕೇಳಿದ. (ನೋಡಿಲ್ಲ. ಹರಿದೆ.)

೪. ಹಾಗಾಗಿ ನಡೆದದ್ದು ಇಷ್ಟು. ಏಳೂವರೆಗೆ ಡ್ವೇನ್ ಹಾಳೆಯ ಮೇಲೆ ಬೆರಳೂರಿ, "ಕೊನೆಯ ಚೆಂಡು. ಅದರಲ್ಲೇ ಆಟ ಹೋಯಿತು. ಅವನ ಕೈಯಿಂದ ಜಾರಲಿಲ್ಲವೇ?" ಎಂದ.

"ತಾಗಲೇ ಇಲ್ಲ ಸರ್. ಚಿತ್ರ ನಿಲ್ಲಿಸಿ, ಆಟದ ನಡುವೆ ತೋರಿಸಿದ ಅವನ ಎತ್ತರವನ್ನೇ ಅಳತೆಗೋಲಾಗಿಟ್ಟು ಟಿವಿಗೆ ಸ್ಕೇಲ್ ಹಿಡಿದೆ."

"ಬದಲಿಸ್ತೀಯಾ?"

"ಇಲ್ಲ ಸರ್."

ಡ್ವೇನ್ ಕ್ಯಾಸೆಟ್ಟನ್ನು ಮತ್ತೆ ಮೆಷಿನ್ನಿಗೆ ಹಾಕಿದ. ಕೆಲಸ ಸಿಕ್ಕಿತೇ ಎಂದು ನನ್ನನ್ನು ಕೇಳಬೇಡಿ. ಅಳೆಯದ್ದನ್ನು ಬರೆಯಲು ಕೊನ್ರಾಡ್ ಬಿಡುತ್ತಿಲ್ಲ. ಅಳೆದದ್ದು ಇದೆ. ಬೆರಳ ತುದಿಗೂ ಚೆಂಡಿಗೂ ನಡುವೆ ನಲವತ್ತಾರು ಸೆಂಟಿಮೀಟರ್.