ನೀವು ಓದಿ

'ಕಣ್ಣೀರು ತರಿಸುವ' ಎಂದು ಬರೆದು ಅಳಿಸಿದ. ನಿನ್ನೆಯ ಪುಸ್ತಕಕ್ಕೂ ಅದನ್ನೇ ಬರೆದಿದ್ದ. 'ಕಣ್ಣು ತೇವಗೊಳಿಸುವ' ಎಂದು ತಿದ್ದಿದ. ಕಣ್ಣೀರಿಗಿಂತ ಇದು ಸ್ವಲ್ಪ ಕಡಿಮೆ. ಪುಸ್ತಕವೂ ಅರ್ಧ ಬೆಲೆಯದು, ಸರಿಹೋಯಿತು.

ಆ ಪುಸ್ತಕದಲ್ಲಿ ಯಾರು ಅಳುತ್ತಾರೆ, ಯಾಕೆ ಅಳುತ್ತಾರೆ ಎಂದು ಅವನಿಗೆ ಗೊತ್ತಿರಲಿಲ್ಲ. ಹೆಸರು ಗೊತ್ತಿತ್ತು. ಮುಖಪುಟ ಗೊತ್ತಿತ್ತು: ದೋಣಿ, ಸಂಜೆ, ಬೆನ್ನು ತಿರುಗಿಸಿ ನಿಂತ ಹೆಂಗಸು. ರಿಯಾಯಿತಿ ಎಂದಿಗೆ ಮುಗಿಯುತ್ತದೆಂದು ಗೊತ್ತಿತ್ತು. ಅವನ ಕಸುಬಿಗೆ ಅಷ್ಟು ಸಾಕು. ಬೆಳಗಾದರೆ ಕಂಪ್ಯೂಟರಿನ ಮುಂದೆ ಕೂತು, ಇವತ್ತು ಯಾವ ಇ-ಪುಸ್ತಕ ಪುಕ್ಕಟೆ ಸಿಗುತ್ತದೆ, ಯಾವುದರ ಬೆಲೆ ಇಳಿದಿದೆ ಎಂದು ಹುಡುಕಿ ತೆಗೆಯುವುದು. ಒಂದೊಂದಕ್ಕೂ ಎರಡೆರಡು ಸಾಲು ಹೊಗಳಿಕೆ ಹಚ್ಚಿ ತನ್ನ ಓದುಗರಿಗೆಲ್ಲ ಮೇಲ್ ಕಳಿಸುವುದು. ಅವರು ಲಿಂಕ್ ಒತ್ತಿದರೆ ಇವನಿಗೆ ಪುಡಿಗಾಸು. ಓದುಗರು ಅನ್ನುತ್ತಿದ್ದದ್ದು ಬಾಯಿಮಾತಿಗೆ. ಅವರು ಓದುತ್ತಿದ್ದರೋ ಇಲ್ಲವೋ ದೇವರೇ ಬಲ್ಲ.

ಹಿಂದೆ ಅವನು ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುತ್ತಿದ್ದವನು. ಆಗ ಒಂದೊಂದು ಪುಸ್ತಕವನ್ನು ವರ್ಷಗಟ್ಟಲೆ ಜಗಿಯುತ್ತಿದ್ದ. ಈಗ ಬಾಯಿಗೆ ಹಾಕಿಕೊಳ್ಳದೆ ಬಡಿಸುವುದಷ್ಟೇ. ಒಂದು ಪುಸ್ತಕವನ್ನು ಪೂರ್ತಿ ಓದಿ ಮುಗಿಸಿದ್ದು ಯಾವಾಗ ಎಂದು ಒಮ್ಮೆ ಯೋಚಿಸಿದ್ದ, ನೆನಪಾಗಿರಲಿಲ್ಲ. ಕೊನೆಯ ಸಲ ಓಡಿದ್ದು ಯಾವಾಗ ಎಂದು ಕೇಳಿದರೂ ಅವನಿಗೆ ನೆನಪಾಗುತ್ತಿರಲಿಲ್ಲ. ಕಾಲು ನೆಟ್ಟಗಿದೆ, ಬೇಕೆಂದಾಗ ಓಡಿದರಾಯಿತು ಎಂದುಕೊಂಡು ಆ ಯೋಚನೆಯನ್ನು ಬಿಟ್ಟಿದ್ದ.

ಫೋನು ಸದ್ದು ಮಾಡಿತು. ಹೆಂಡತಿಯ ಸಂದೇಶ. ಅವಳು ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಿದ್ದಳು; ಜನರ ಕಿವಿ ಎಷ್ಟು ಕೇಳುತ್ತದೆಂದು ಅಳೆಯುವುದು ಅಲ್ಲಿ ಅವಳ ಕೆಲಸ. ಸಂದೇಶದಲ್ಲಿ ಒಂದು ಲಿಂಕ್, ಅದರ ಕೆಳಗೆ ಒಂದು ಸಾಲು.

'ನನ್ನ ಪುಸ್ತಕ. ಇವತ್ತೊಂದು ದಿನ ಉಚಿತ. ನೀವು ಓದಿ.'

ಅವಳು ಬರೆಯುತ್ತಾಳೆಂದು ಅವನಿಗೆ ತಿಳಿಯದ್ದೇನಲ್ಲ. ಊಟದ ಮೇಜು ಒರೆಸಿದ ಮೇಲೆ ಅದರ ಒಂದು ಮೂಲೆಯಲ್ಲಿ ಕೂತು ಬರೆಯುತ್ತಿದ್ದಳು. ಅವಳಿಗೆ ಬೆನ್ನುನೋವಿದೆ ಎಂದು ಹೇಗೆ ಗೊತ್ತಿತ್ತೋ ಇದೂ ಹಾಗೆಯೇ ಗೊತ್ತಿತ್ತು. ಎರಡನ್ನೂ ಕೇಳಲು ಹೋಗಿರಲಿಲ್ಲ.

ಮುಖಪುಟ ನೋಡಿದ. ಕಿಟಕಿ, ಅಷ್ಟೇ. ಯಾರೂ ಬೆನ್ನು ತಿರುಗಿಸಿ ನಿಂತಿರಲಿಲ್ಲ. ಪರವಾಗಿಲ್ಲ ಎನ್ನಿಸಿತು. ಅವಳ ಸಾಲಂತೂ ಇನ್ನೂ ಹಿಡಿಸಿತು. ಚಿಕ್ಕದು, ಚೊಕ್ಕದು, ನೇರ. 'ನೀವು ಕಾಯುತ್ತಿದ್ದ', 'ನೀವು ಓದಲೇಬೇಕಾದ', 'ನೀವು ಕೆಳಗಿಡಲಾರದ' ಎಂದು ದಿನವೂ ಹೆಣಗುವವನಿಗೆ ಇಷ್ಟು ಸರಳವಾದದ್ದು ಒಮ್ಮೆಯೂ ಹೊಳೆದಿರಲಿಲ್ಲವಲ್ಲ! ಹೆಂಡತಿ ತನಗೆ ಜಾಹೀರಾತಿನ ಸಾಲನ್ನೂ ತಾನೇ ಬರೆದು ಕಳಿಸಿದ್ದಾಳೆ, ಎಷ್ಟು ಅಚ್ಚುಕಟ್ಟು ಎಂದುಕೊಂಡ. 'ನನ್ನ ಪುಸ್ತಕ' ಎಂಬುದನ್ನು ತೆಗೆದು ಉಳಿದದ್ದನ್ನು ಇದ್ದ ಹಾಗೇ ಎತ್ತಿ ಎಲ್ಲಕ್ಕಿಂತ ಮೇಲೆ ಹಾಕಿ ಕಳಿಸಿಬಿಟ್ಟ. ಒಳ್ಳೆಯ ಗಂಡನೆಂಬ ಹಿಗ್ಗಿನಲ್ಲಿ ಕಾಫಿ ಮಾಡಿಕೊಂಡು ಕುಡಿದ.

ಸ್ವಲ್ಪ ಹೊತ್ತಿನಲ್ಲೇ ಪರದೆಯ ಮೇಲಿನ ಅಂಕಿ ಏರತೊಡಗಿತು. ಜನ ಕಿಟಕಿಯನ್ನು ಮುಟ್ಟುತ್ತಿದ್ದರು, ಇಳಿಸಿಕೊಳ್ಳುತ್ತಿದ್ದರು. ಅಂಕಿ ಏರುವುದನ್ನು ನೋಡುತ್ತ ಕೂತರೆ ಅವನಿಗೆ ಸಣ್ಣ ಮಂಪರು ಹತ್ತುತ್ತಿತ್ತು. ಎಲ್ಲೆಲ್ಲಿಯೋ ಯಾರ್ಯಾರೋ ಹಾಸಿಗೆಯಲ್ಲಿ, ಬಸ್ಸಿನಲ್ಲಿ, ಸಾಲಿನಲ್ಲಿ ನಿಂತು ಹೆಬ್ಬೆರಳು ಒತ್ತುತ್ತಿದ್ದಾರೆ. ಅಷ್ಟೂ ಮನೆಗಳೊಳಗೆ ಅವನ ಎರಡು ಸಾಲು ಬಾಗಿಲು ಬಡಿಯದೆ ಹೋಗಿ ಕೂತಿದೆ. ಎದುರುಮನೆಯ ಬಾಲ್ಕನಿಯಲ್ಲಿ ಒಣಹಾಕಿದ ಬಿಳಿ ಹಾಸೊಂದು ಗಾಳಿಗೆ ಉಬ್ಬಿ, ಇಳಿದು, ಮತ್ತೆ ಉಬ್ಬುತ್ತಿತ್ತು. ತಾನು ಎಚ್ಚರವಿದ್ದೇನೋ ಇಲ್ಲವೋ ಎಂದು ಅವನಿಗೇ ಅನುಮಾನವಾಯಿತು.

ಫೋನು ಎಬ್ಬಿಸಿತು. ಅವನು ಪತ್ತೇದಾರರು ಎಂದು ಕರೆಯುತ್ತಿದ್ದವರು. ಇಡೀ ಜೀವಮಾನ ಗೋದಾಮಿನ ಲೆಕ್ಕ ನೋಡಿ, ನಿವೃತ್ತರಾದ ಮೇಲೆ ಕೊಲೆಗಳನ್ನು ಬರೆಯುತ್ತಿದ್ದ ಹಿರಿಯರು. ಅವರ ಎಲ್ಲ ಕೊಲೆಗಳೂ ಬಹುತೇಕ ಪುಕ್ಕಟೆ.

"ಸಾರ್, ನನ್ನ 'ರಕ್ತದ ಕರವಸ್ತ್ರ' ಕೆಳಗೆ ಹೋಗ್ಬಿಟ್ಟಿದೆಯಲ್ಲ! ಮೇಲೆ ಹಾಕಿದೀರಲ್ಲ ಕಿಟಕಿದು, ಯಾರದು?"

"ಹೊಸಬರು."

"ಹೇಗಿದೆ?"

"ಚೆನ್ನಾಗಿದೆ."

"ಓದಿದ್ರಾ?"

ಇಬ್ಬರೂ ನಕ್ಕರು. ಅವರ ನಡುವೆ ಅದು ಹಳೆಯ ಜೋಕು.

ಮಧ್ಯಾಹ್ನ ಹೆಂಡತಿಯ ಬಿಡುವಿನ ವೇಳೆ ನೋಡಿ ತಾನೇ ಫೋನು ಮಾಡಿದ.

"ನೋಡಿದ್ಯಾ?"

"ಏನನ್ನ?"

"ನಿನ್ನ ಪುಸ್ತಕಾನ. ಎಲ್ಲಕ್ಕಿಂತ ಮೇಲೆ ಹಾಕಿದೀನಿ. ಜನ ಮುಗಿಬಿದ್ದಿದಾರೆ ಕಣೇ."

ಆ ಕಡೆ ತಳ್ಳುಗಾಡಿಯೊಂದು ಗಡಗಡ ಸದ್ದು ಮಾಡುತ್ತ ಹಾದುಹೋಯಿತು.

"ಅದನ್ನ ನಿಮಗೆ ಕಳಿಸಿದ್ದು," ಎಂದಳು.

"ಹೌದು. ಅದಕ್ಕೇ ಹಾಕ್ದೆ."

"ಹಾಕಿ ಅಂದ್ನಾ ನಾನು? ಓದಿ ಅಂದೆ."

"ನೀವು ಓದಿ ಅಂತಿತ್ತು."

"ಹ್ಞೂಂ. ನೀವು. ನಿಮ್ಮನ್ನ ಇನ್ನೇನಂತ ಕರೀಲಿ ನಾನು?"

ಮದುವೆಯಾದಾಗಿನಿಂದ ಅವಳು ಅವನನ್ನು 'ನೀವು' ಎಂದೇ ಕರೆದವಳು. ಉಪ್ಪು ಕೊಡುವಾಗಲೂ, ಜಗಳವಾಡುವಾಗಲೂ, ಮೂಲೆಯಲ್ಲಿ ಕೂತು ಅಳುವಾಗಲೂ. ಆ 'ನೀವು' ಅಂದರೆ ಒಬ್ಬನೇ ಒಬ್ಬ. ಇವತ್ತು ಅದೇ ಮಾತು ಬಂದಾಗ ಅವನಿಗೆ ಒಂದು ಜಾತ್ರೆಯಷ್ಟು ಜನ ಕಾಣಿಸಿದ್ದರು, ತಾನೊಬ್ಬನೇ ಕಾಣಿಸಿರಲಿಲ್ಲ.

"ಓದ್ತೀನಿ ಬಿಡು. ಅದಕ್ಕೇನಂತೆ."

"ಸಂಜೆ ಕರ್ಕೊಂಡು ಹೋಗೋಕೆ ಬರ್ತೀರಲ್ಲ, ಅಷ್ಟರಲ್ಲಿ ಓದಿ. ಚಿಕ್ಕದು."

"ಅಂಥ ಅವಸರ ಏನು?"

"ಇನ್ನೊಂದು ಶುರು ಮಾಡಿದೀನಿ. ಮುಂದುವರಿಸ್ಲೋ ಬಿಟ್ಟುಬಿಡ್ಲೋ ಗೊತ್ತಾಗ್ತಿಲ್ಲ. ನೀವು ಓದಿ ಹೇಳಿದ್ರೆ ಗೊತ್ತಾಗುತ್ತೆ. ಬೇರೆ ಯಾರು ಹೇಳಿದ್ರೂ ಗೊತ್ತಾಗಲ್ಲ," ಎಂದು ಫೋನಿಟ್ಟಳು.

ಕಂಪ್ಯೂಟರಿನ ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿ, ಅವಳ ಕಿಟಕಿಯನ್ನು ತೆರೆದ.

'ಅಮ್ಮ ಗಾಜು ಒರೆಸುವಾಗ ಹೊರಗಿನ ಬೀದಿಯೂ ಶುಭ್ರವಾಗುತ್ತಿದೆ ಎಂದೇ ನಾನು ತಿಳಿದಿದ್ದೆ.'

ಅವನ ಮೈ ಜುಮ್ಮೆಂದಿತು. ಒಳ್ಳೆಯ ಸಾಲು. ನಿಜವಾಗಿ ಒಳ್ಳೆಯ ಸಾಲು. ಮರುಕ್ಷಣವೇ ತಲೆಯೊಳಗೆ ಯಾರೋ ಹೇಳಿದರು: 'ಬಾಲ್ಯದ ಮುಗ್ಧತೆಯನ್ನು ಮನಮುಟ್ಟುವಂತೆ ಕಟ್ಟಿಕೊಡುವ ಕೃತಿ.' ತಲೆ ಕೊಡವಿ ಎರಡನೆಯ ಸಾಲಿಗೆ ಹೋದ. 'ತಾಯಿ-ಮಗಳ ನವಿರಾದ ಸಂಬಂಧದ ಅನಾವರಣ.' ಮೂರನೆಯದಕ್ಕೆ ಹೋದ. ಅಷ್ಟರಲ್ಲಿ ಕಣ್ಣು ತಾನಾಗಿಯೇ ಕೆಳಗೆ ಜಾರಿ, ಎಲ್ಲಿ ನಿಲ್ಲಿಸಬಹುದು ಎಂದು ಹುಡುಕುತ್ತಿತ್ತು. ಸೋಪು ಹತ್ತಿದ ಕೈಯಿಂದ ಲೋಟ ಜಾರುವಂತೆ ಪ್ರತಿಯೊಂದು ವಾಕ್ಯವೂ ಜಾರುತ್ತಿತ್ತು.

ಕುರ್ಚಿ ಬಿಟ್ಟು ಸೋಫಾದಲ್ಲಿ ಕೂತ. ಸೋಫಾ ಬಿಟ್ಟು ಅವಳು ಬರೆಯುತ್ತಿದ್ದ ಮೇಜಿನ ಮೂಲೆಗೆ ಹೋಗಿ ಕೂತ. ಗಟ್ಟಿಯಾಗಿ ಓದಿ ನೋಡಿದ. ಒಂದು ಕಾಲದಲ್ಲಿ ಹಿಂದಿನ ಬೆಂಚಿನವರನ್ನೂ ಹಿಡಿದು ಕೂರಿಸುತ್ತಿದ್ದ ದನಿ ಅದು. ಈಗ ಬೀದಿಯಲ್ಲಿ ಏನನ್ನೋ ಕೂಗಿ ಮಾರುವವನ ದನಿಯಾಗಿತ್ತು. ಅವನಿಗೆ ನಾಚಿಕೆಯಾಯಿತು. ಆಮೇಲೆ ನಾಚಿಕೆ ಹೋಗಿ ಹೆದರಿಕೆಯಾಯಿತು. ಬೇಕೆಂದಾಗ ಓಡಿದರಾಯಿತು ಎಂದುಕೊಂಡಿದ್ದವನಿಗೆ ಕಾಲೇ ಇರಲಿಲ್ಲ.

ಆಗ ಒಂದು ಮೇಲ್ ಬಂತು. ಯಾರೋ ಓದುಗರು. ಓದುವ ಓದುಗರು! ಇಂಥವರು ವರ್ಷಕ್ಕೊಬ್ಬರು ಬರೆದರೆ ಹೆಚ್ಚು.

'ಇವತ್ತು ನೀವು ಕೊಟ್ಟ ಕಿಟಕಿಯ ಪುಸ್ತಕವನ್ನು ಒಂದೇ ಸಲಕ್ಕೆ ಕೂತು ಓದಿ ಮುಗಿಸಿದೆ. ಕೊನೆಯಲ್ಲಿ ಅಮ್ಮ ಒಂದು ಮಾತೂ ಆಡದೆ ಪರದೆ ಎಳೆದುಬಿಟ್ಟಾಗ ನನಗೆ ಉಸಿರು ಕಟ್ಟಿತು. ಬಹಳ ಹೊತ್ತು ಎದ್ದೇಳಲಾಗಲಿಲ್ಲ.'

ಅವನಿಗೆ ಹೊಟ್ಟೆಕಿಚ್ಚಾಯಿತು. ಗುರುತಿಲ್ಲ ಪರಿಚಯವಿಲ್ಲ, ಯಾರೋ ಒಬ್ಬರು ತನ್ನ ಹೆಂಡತಿಯ ಬಳಿ ಇಡೀ ಮಧ್ಯಾಹ್ನ ಕೂತು ಎದ್ದುಹೋಗಿದ್ದರು. ಆ ಮೇಲನ್ನು ಇನ್ನೊಮ್ಮೆ ಓದಿದ. ವಿಚಿತ್ರವೆಂದರೆ ಅದು ಜಾರಲಿಲ್ಲ. ಒಂದೊಂದು ಮಾತೂ ನೆಟ್ಟಗೆ ನಿಂತಿತು.

ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ಜಾಗ ಸಿಕ್ಕಿತು. ಫೋನಿನಲ್ಲಿ ಪುಸ್ತಕ ತೆರೆದ. ಇಳಿಬಿಸಿಲು ಪರದೆಯ ಮೇಲೆ ಬಿದ್ದು ಅಕ್ಷರ ಮಸುಕಾಯಿತು. ಕೈಯನ್ನು ಮರೆ ಹಿಡಿದ. ಆಗ ಓದು ಸುಲಭವಾಗಿಬಿಟ್ಟಿತು. ಒಂದು ಪುಟ, ಇನ್ನೊಂದು ಪುಟ, ನಿಲ್ಲದೆ ಓದುತ್ತ ಹೋದ. ಬಸ್ಸು ಪುಸ್ತಕದೊಳಗಿನ ಬೀದಿಯಲ್ಲೇ ಹೋಗುತ್ತಿತ್ತು. ಮನೆಗಳ ಗಾಜಿನ ಹಿಂದೆ ಹೆಂಗಸರು ನಿಂತು ಒರೆಸುತ್ತಿದ್ದರು, ಅವರ ಕೈ ಹೋದಲ್ಲೆಲ್ಲ ಬೀದಿ ಬೆಳ್ಳಗಾಗುತ್ತಿತ್ತು, ಮರ, ಕಂಬ, ಜನ ಎಲ್ಲ ಬೆಳ್ಳಗೆ ಅಳಿಸಿಹೋಗುತ್ತಿತ್ತು. ಎಷ್ಟು ಚೆನ್ನಾಗಿ ಬರೆದಿದ್ದಾಳೆ! ಕೊನೆಯ ಪುಟಕ್ಕೆ ಬಂದಾಗ ಅವನು ಬಿಕ್ಕಿ ಬಿಕ್ಕಿ ಅತ್ತ. ಓದಿ ಮುಗಿಸಿದೆ, ನನಗಿನ್ನೂ ಬರುತ್ತದೆ, ಇವತ್ತೇ ಅವಳ ಕೈ ಹಿಡಿದು ಹೇಳುತ್ತೇನೆ ಎಂದು ಎದೆ ಹಗುರಾಯಿತು.

"ಆಸ್ಪತ್ರೆ, ಆಸ್ಪತ್ರೆ," ಎಂದು ಕಂಡಕ್ಟರು ಭುಜ ಅಲುಗಿಸಿ ಎಬ್ಬಿಸಿದರು.

ಕೆನ್ನೆ ಮುಟ್ಟಿ ನೋಡಿಕೊಂಡ. ಒಣಗಿತ್ತು. ಫೋನಿನಲ್ಲಿ ಅಮ್ಮ ಇನ್ನೂ ಮೊದಲ ಸಾಲಿನಲ್ಲೇ ಗಾಜು ಒರೆಸುತ್ತಿದ್ದಳು. ಅತ್ತದ್ದು ಮಾತ್ರ ನೆನಪಿತ್ತು. ಯಾತಕ್ಕೆ ಅತ್ತೆನೆಂದು ಎಷ್ಟು ತಡಕಾಡಿದರೂ ಒಂದು ಮಾತೂ ಸಿಗಲಿಲ್ಲ.

ಅವಳ ವಿಭಾಗದಲ್ಲಿ ಕೊನೆಯವರೂ ಹೋಗಿಯಾಗಿತ್ತು. ಅವಳು ಹೆಡ್‌ಫೋನುಗಳನ್ನು ಹತ್ತಿಯಿಂದ ಒರೆಸಿ ತೂಗುಹಾಕುತ್ತಿದ್ದಳು. ಅವನನ್ನು ಕಂಡು ನಕ್ಕಳು. ಏನೂ ಕೇಳಲಿಲ್ಲ. ಕೇಳದೆ ಇರುವುದಕ್ಕೆ ಅವಳು ಪಡುತ್ತಿದ್ದ ಕಷ್ಟ ಕಣ್ಣಿಗೆ ಕಾಣುತ್ತಿತ್ತು.

'ಒಂದೇ ಸಾಲು ಓದಿದೆ, ಮುಂದಕ್ಕೆ ಆಗಲಿಲ್ಲ, ನನಗೇನೋ ಆಗಿದೆ' ಎಂದು ಹೇಳಬೇಕೆಂದು ಮೆಟ್ಟಿಲು ಹತ್ತುವಾಗ ನಿಶ್ಚಯ ಮಾಡಿಕೊಂಡಿದ್ದ.

"ಓದ್ದೆ," ಎಂದ.

ಅವಳ ಕೈಯಲ್ಲಿದ್ದ ಹತ್ತಿ ಅಲ್ಲೇ ನಿಂತಿತು.

"ಕೊನೇಲಿ ಅಮ್ಮ ಮಾತೇ ಆಡದೆ ಪರದೆ ಎಳೆದುಬಿಡ್ತಾಳಲ್ಲ... ಉಸಿರು ಕಟ್ತು ನನಗೆ."

ಅವಳ ಮುಖ ಅರಳಿತು. ಎಷ್ಟೋ ವರ್ಷಗಳಿಂದ ಅವನು ನೋಡಿರದ ಮುಖ ಅದು. ಅದನ್ನು ನೋಡಿ, ಸುಳ್ಳಾದರೂ ಸರಿ, ಹೇಳಿದ್ದೇ ಒಳ್ಳೆಯದಾಯಿತು ಎನ್ನಿಸಿತು.

"ನಿಮಗೂ ಹಾಗೇ ಆಯ್ತಾ?" ಎಂದಳು.

"ನಿಮಗೂ ಅಂದ್ರೆ?"

"ಮಧ್ಯಾಹ್ನ ಯಾರೋ ಒಬ್ಬರು ಪುಸ್ತಕದಲ್ಲಿರೋ ನನ್ನ ಮೇಲ್‌ಗೆ ಬರೆದಿದ್ರು. ಇದನ್ನೇ. ಉಸಿರು ಕಟ್ತು ಅಂತಾನೇ..."

ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು.

"ಒಳ್ಳೆ ಓದುಗರಿಗೆಲ್ಲ ಒಂದೇ ಥರ ಅನ್ಸುತ್ತೆ," ಎಂದ. ಅವಸರದಲ್ಲಿ ಸೇರಿಸಿದ: "ಮನಮುಟ್ಟುವ ಹಾಗಿದೆ. ನೀನು ಮುಂದುವರಿಸ್ಬೇಕು."

ಅವಳು ಅವನನ್ನೇ ನೋಡಿದಳು. ಆಮೇಲೆ ಹತ್ತಿಯನ್ನು ಬುಟ್ಟಿಗೆ ಹಾಕಿ, "ಬನ್ನಿ, ನಿಮ್ಮ ಕಿವಿನೂ ಒಂದ್ಸಲ ನೋಡ್ಬಿಡೋಣ," ಎಂದಳು.

"ನನಗೇನಾಗಿದೆ?"

"ಬನ್ನಿ ಅಂದೆ."

ಗೋಡೆಗೆಲ್ಲ ಸ್ಪಂಜು ಹೊಡೆದಿದ್ದ ಸಣ್ಣ ಗೂಡಿನೊಳಗೆ ಅವನನ್ನು ಕೂರಿಸಿ ಹೆಡ್‌ಫೋನು ಹಾಕಿದಳು. ಕೈಗೆ ಒಂದು ಗುಂಡಿ ಕೊಟ್ಟಳು.

"ಶಬ್ದ ಕೇಳಿಸಿದ ಕೂಡ್ಲೇ ಇದನ್ನ ಒತ್ತಿ. ಕೇಳಿಸ್ಲಿಲ್ಲ ಅಂದ್ರೆ ಸುಮ್ನಿರಿ."

"ತಪ್ಪಾದ್ರೆ?"

"ಇದರಲ್ಲಿ ತಪ್ಪು ಅಂತ ಏನಿಲ್ಲ. ಕೇಳಿಸುತ್ತೆ, ಇಲ್ಲಾಂದ್ರೆ ಕೇಳಿಸಲ್ಲ."

ಬಾಗಿಲು ಮುಚ್ಚಿಕೊಂಡಿತು. ಹೊರಗಿನ ಲೋಕ ಪೂರ್ತಿ ನಿಂತುಹೋಯಿತು. ದಪ್ಪ ಗಾಜಿನ ಆಚೆ ಅವಳು ಯಂತ್ರದ ಮುಂದೆ ಕೂತಳು. ಅವನು ಕಿವಿಗೊಟ್ಟು ಕಾದ. ಈ ಒಂದು ಪರೀಕ್ಷೆಯಲ್ಲಾದರೂ ಅವಳೆದುರು ಸೋಲಬಾರದು. ಅಷ್ಟರಲ್ಲಿ ಬಹಳ ದೂರದಿಂದ ನೂಲಿನಷ್ಟು ತೆಳ್ಳಗೆ ಏನೋ ಬಂತು. ಬಂತಲ್ಲವೇ? ಗುಂಡಿ ಒತ್ತಿದ. ಅವಳ ಬದಿಯಲ್ಲಿ ಕೆಂಪು ದೀಪ ಹತ್ತಿ ಅವಳ ಗಲ್ಲ ಒಮ್ಮೆ ಬೆಳಗಿತು. ಇನ್ನೂ ತೆಳ್ಳಗೆ ಇನ್ನೊಂದು. ಒತ್ತಿದ. ಇನ್ನೊಂದು. ಒಂದನ್ನೂ ಬಿಡದೆ ಹಿಡಿಯುತ್ತಿದ್ದೇನೆಂದು ಹೆಮ್ಮೆಯಾಯಿತು.

ಆಮೇಲೆ ಅವಳ ಕೈ ಎಲ್ಲಿದೆಯೆಂದು ನೋಡಿದ. ಎರಡೂ ಕೈ ಮಡಿಲಲ್ಲಿದ್ದವು. ಯಂತ್ರವನ್ನು ಅವಳು ಇನ್ನೂ ಮುಟ್ಟಿಯೇ ಇರಲಿಲ್ಲ.

ಗಾಜಿನ ಆಚೆ ಅವಳ ತುಟಿ ಅಲುಗುತ್ತಿತ್ತು. ಅವನನ್ನೇ ನೋಡುತ್ತ, ನಿಧಾನವಾಗಿ, ಏನನ್ನೋ ಹೇಳುತ್ತಿದ್ದಳು. ಅವನು ಅರ್ಥವಾದವನಂತೆ ತಲೆದೂಗುತ್ತ ಗುಂಡಿ ಒತ್ತಿದ.