ಎರಡು ಕ್ಯಾಸೆಟ್ಟು, ಒಬ್ಬಳು ಸೊಸೆ

ಗುಬ್ಬಿಯ ಗಂಗಲಕ್ಷ್ಮಮ್ಮನವರ ಮನೆಯಲ್ಲಿ ಕಾನೂನೆಂದರೆ ಟಿವಿ ಧಾರಾವಾಹಿ. ಅದರಲ್ಲಿ ಸೊಸೆಯಾದವಳು ಮಾಡಿದ್ದನ್ನಷ್ಟೇ ಅವರ ಸೊಸೆ ಪ್ರಭಾಮಣಿ ಮಾಡಬಹುದಿತ್ತು. ಈಗ ಅವಳಿಗೆ ತುಮಕೂರಿನ ಹೈಸ್ಕೂಲೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತ್ತು.

"ಕೆಲ್ಸಕ್ಕೋಗೋ ಸೊಸೆ ಸೀರಿಯಲ್ ಒಂದಿತ್ತಲ್ಲ, ಆಗ ಕರೆಂಟಿಲ್ದೆ ನೋಡಕ್ಕಾಗ್ಲಿಲ್ಲ. ಅದ್ರ ಕ್ಯಾಸೆಟ್ ತಗೊಂಬಾ, ನೋಡಿ ಹೇಳ್ತೀನಿ" ಎಂದರು ಅತ್ತೆ.

ತುಮಕೂರಿನ ಹಬೀಬ್ ಸಾಬರ ವಿಡಿಯೋ ಲೈಬ್ರರಿಯಲ್ಲಿ ಅದರ ಎರಡು ಕ್ಯಾಸೆಟ್ಟುಗಳಿದ್ದವು: ಒಂದು ಯಾರೋ ಟಿವಿಯಿಂದ ರೆಕಾರ್ಡ್ ಮಾಡಿಕೊಂಡದ್ದು, ಇನ್ನೊಂದು ಕ್ಯಾಸೆಟ್ ಕಂಪನಿಯವರು ಮಾರಾಟಕ್ಕೆ ಬಿಟ್ಟದ್ದು. ಪ್ರಭಾಮಣಿ ತವರಿನಲ್ಲಿ ಕೂತು ಎರಡನ್ನೂ ನೋಡಿದಳು. ಟಿವಿಯಿಂದ ರೆಕಾರ್ಡ್ ಮಾಡಿಕೊಂಡದ್ದರಲ್ಲಿ ಸಾಬೂನಿನ ಜಾಹೀರಾತುಗಳಿದ್ದವು. ಕೊನೆಗೆ ಸೊಸೆ ಕೆಲಸ ಬಿಟ್ಟು ಅತ್ತೆಯ ಕಾಲಿಗೆ ಬಿದ್ದು ಅಳುವುದೂ ಇತ್ತು. ಕಂಪನಿಯವರ ಕ್ಯಾಸೆಟ್ಟಿನಲ್ಲಿ ಟೇಪು ಉಳಿಸಲೆಂದು ಜಾಹೀರಾತನ್ನೂ ಈ ಅಳುವನ್ನೂ ಕತ್ತರಿಸಿದ್ದರು. ಸೊಸೆ ನಗುತ್ತ ಬಸ್ ಹತ್ತುವಲ್ಲಿಗೇ ಕಥೆ ಮುಗಿದಿತ್ತು. ಸ್ತ್ರೀಕುಲಕ್ಕೆ ಇಷ್ಟು ದೊಡ್ಡ ಸೇವೆ ಮಾಡಿದ ಕಂಪನಿಗೆ ಮನಸ್ಸಿನಲ್ಲೇ ಕೈಮುಗಿದು ಅವಳು ಅದನ್ನೇ ತಂದಳು.

ಅತ್ತೆ ಎವೆ ಮಿಟುಕಿಸದೆ ನೋಡಿ ಮುಗಿಸಿದರು.

"ಅಲ್ಲ ಕಣೇ, ಇವ್ಳು ಬಸ್ ಹತ್ತುದ್ಮೇಲೆ ಮನೇಲಿ ಅಡುಗೆ ಯಾರ್ ಮಾಡುದ್ರು?"

"ಅದನ್ನ ತೋರ್ಸಿಲ್ಲ ಅತ್ತೆ, ಕಟ್ ಮಾಡಿದಾರೆ."

"ಸರಿ ಬುಡು, ನೀನೂ ಹೋಗು. ಆದ್ರೆ ಮುದ್ದೆ, ಸಾರು ಮಾಡಿಟ್ಟೇ ಬಸ್ ಹತ್ಬೇಕು. ನಮ್ಮನೇಲಿ ಅದನ್ನ ಕಟ್ ಮಾಡಂಗಿಲ್ಲ."